ಶ್ರಮದಾನದ ಫೋಟೊ: ಬ್ಯಾನರ್ ಬಿಡಿ, ಬಾಂಡ್ಲಿ ಹಿಡಿಯಿರಿ

ತೀರ್ಥಹಳ್ಳಿ ಸೀಮೆಯ ಒಂದು ಸಣ್ಣ ಊರು. ಕೆರೆ ಹೂಳೆತ್ತುವ ಕೆಲಸ ನಡೆದಿತ್ತು. ಊರವರು ಕೆರೆಯಂಗಳದಿಂದ ಏರಿಯವರೆಗೆ ಸಾಲಾಗಿ ನಿಂತು, ಮಣ್ಣು ತುಂಬಿದ ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು. ಕೆಲಸ ಹದಕ್ಕೆ ಬಂದಿತ್ತು. ಅಷ್ಟರಲ್ಲಿ ಮೊಬೈಲ್ ಹಿಡಿದ ಒಬ್ಬರು ಬಂದು, ‘ಎಲ್ಲ ಒಂದ್ನಿಮಿಷ ನಿಲ್ಲಿ, ಈ ಕಡೆ ನೋಡಿ’ ಎಂದರು. ಸಾಲು ನಿಂತಿತು. ಬಾಂಡ್ಲಿ ಹಿಡಿದವರು ಭಾರ ತಡೆಯುತ್ತಲೇ ನಕ್ಕರು. ಸಂಜೆ ಆ ಫೋಟೊ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂತು. ಹಿಂದೆ ಫಳಫಳ ನೀರು, ಮುಂದೆ ಕಪ್ಪಾದ ಮುಖಗಳು, ನಡುವೆ ಒಂದು ಬ್ಯಾನರ್. ಯಾರು ಯಾರೆಂದು ಗೊತ್ತಾಗಲಿಲ್ಲ. ಅಲ್ಲಿ ಕೆಲಸ ನಡೆದಿತ್ತು ಅನ್ನುವುದೂ ಗೊತ್ತಾಗಲಿಲ್ಲ.

ನನ್ನ ಕೈಯಲ್ಲೂ ಇಂಥದ್ದು ಆಗಿದೆ. ಒಂದು ಭಾನುವಾರ ಕಲ್ಯಾಣಿ ಸ್ವಚ್ಛ ಮಾಡುವಾಗ ಇನ್ನೂರಕ್ಕೂ ಜಾಸ್ತಿ ಫೋಟೊ ತೆಗೆದಿದ್ದೆ. ಮನೆಗೆ ಬಂದು ನೋಡಿದರೆ, ಬೆಳಿಗ್ಗೆಯಿಂದ ಸೊಂಟದುದ್ದ ನೀರಿನಲ್ಲಿ ನಿಂತು ಅಂತರಗಂಗೆ ಕಿತ್ತವರ ಮುಖ ಒಂದರಲ್ಲೂ ಇರಲಿಲ್ಲ. ಇದ್ದದ್ದು ಬೆನ್ನು ಮಾತ್ರ. ಹತ್ತು ಗಂಟೆಗೆ ಬಂದು ಅರ್ಧ ಗಂಟೆ ಇದ್ದು ಹೋದವರು ಮಾತ್ರ ಎಲ್ಲ ಫೋಟೊಗಳಲ್ಲೂ ಇದ್ದರು. ಅವತ್ತಿನಿಂದ ನಾನು ಫೋಟೊ ತೆಗೆಯುವ ಕ್ರಮವನ್ನೇ ಬದಲಿಸಿದೆ. ಆ ಕ್ರಮ ಇಲ್ಲಿದೆ. ಸಾಧಾರಣ ಮೊಬೈಲ್ ಸಾಕು.

ಹಂತ 1: ಹಿಂದಿನ ರಾತ್ರಿ

ಚಾರ್ಜ್ ಮಾಡಿ, ಜಾಗ ಖಾಲಿ ಮಾಡಿ, ಲೆನ್ಸ್ ಒರೆಸಿ. ಹಳೆಯ, ಚೆನ್ನಾಗಿ ಒಗೆದ ಹತ್ತಿ ಪಂಚೆಯ ತುಂಡು ಸಾಕು. ಮೊಬೈಲಿಗೆ ಸಿಕ್ಕಿಸುವ ಅಗ್ಗದ ಕ್ಲಿಪ್ ಲೆನ್ಸ್‌ಗಳನ್ನು ದಯವಿಟ್ಟು ಕೊಳ್ಳಬೇಡಿ. ಅಂಚುಗಳೆಲ್ಲ ಮಸುಕಾಗುತ್ತವೆ. ಆ ದುಡ್ಡಿನಲ್ಲಿ ಕೊನೆಗೆ ಫೋಟೊ ಪ್ರಿಂಟ್ ಹಾಕಿಸಬಹುದು.

ಬ್ಯೂಟಿ ಫಿಲ್ಟರ್ ಆಫ್ ಮಾಡಿ. ಬಿಸಿಲಿನಲ್ಲಿ ದುಡಿದ ಮುಖವನ್ನು ಅದು ಹಿಟ್ಟು ಬಳಿದ ಹಾಗೆ ಮಾಡಿಬಿಡುತ್ತದೆ.

ಹಂತ 2: ಕೇಳಿಕೊಳ್ಳಿ

ಹೋದ ತಕ್ಷಣ ಎರಡು ವಿಷಯ ಕೇಳಬೇಕು. ಒಂದು, ‘ಫೋಟೊ ತೆಗೀಬಹುದಾ, ಗ್ರೂಪಿಗೆ ಹಾಕಬಹುದಾ?’ ಬೇಡ ಎಂದವರನ್ನು ನೆನಪಿಟ್ಟುಕೊಳ್ಳಿ. ಮಕ್ಕಳಿದ್ದರೆ ಮನೆಯವರನ್ನೋ ಮೇಷ್ಟ್ರನ್ನೋ ಕೇಳಿ. ಎರಡು, ‘ಇಲ್ಲಿಗೆ ಎಲ್ಲರಿಗಿಂತ ಮುಂಚೆ ಬಂದವರು ಯಾರು? ಅಡುಗೆ ಯಾರದ್ದು? ಹಾರೆ, ಗುದ್ದಲಿ ತಂದವರು ಯಾರು?’ ಈ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹಾಗಾಗಿಯೇ ಆ ಜನ ಫೋಟೊಗಳಲ್ಲಿ ಇರುವುದಿಲ್ಲ.

ಹಂತ 3: ಮೊದಲು ಅರ್ಧ ಗಂಟೆ ಕೆಲಸ ಮಾಡಿ

ಇದನ್ನು ನಾನು ಬಲವಂತವಾಗಿಯೇ ಹೇಳುತ್ತೇನೆ. ಮೊಬೈಲ್ ಜೇಬಿನಲ್ಲಿಟ್ಟು ಸಾಲಿನಲ್ಲಿ ನಿಲ್ಲಿ. ಕ್ಯಾಮೆರಾ ಕಂಡ ತಕ್ಷಣ ಜನ ಬೆನ್ನು ನೆಟ್ಟಗೆ ಮಾಡುತ್ತಾರೆ, ಸೆರಗು ಸರಿಮಾಡಿಕೊಳ್ಳುತ್ತಾರೆ. ಜೊತೆಯಲ್ಲಿ ಮಣ್ಣು ಹೊತ್ತವರ ಎದುರು ಆ ಬಿಗಿ ಇರುವುದಿಲ್ಲ. ಇನ್ನೊಂದು ಲಾಭವೂ ಇದೆ. ಕೆಲಸದ ಲಯ ನಿಮ್ಮ ಮೈಗೆ ಗೊತ್ತಾಗುತ್ತದೆ. ಯಾವಾಗ ಬಗ್ಗುತ್ತಾರೆ, ಯಾವಾಗ ತಲೆ ಎತ್ತುತ್ತಾರೆ ಅನ್ನುವುದು ತಿಳಿಯುತ್ತದೆ. ಮುಂದಿನ ಹಂತ ನಿಂತಿರುವುದೇ ಇದರ ಮೇಲೆ.

ಎನ್‌ಎಸ್‌ಎಸ್‌ನ (ರಾಷ್ಟ್ರೀಯ ಸೇವಾ ಯೋಜನೆಯ) 7 ದಿನಗಳ ವಿಶೇಷ ಶಿಬಿರಕ್ಕೆ ಹೋದರೆ ಅವಸರವೇ ಬೇಡ. ಮೊದಲ ದಿನ ಹುಡುಗರು ಕ್ಯಾಮೆರಾ ಕಂಡರೆ ಎರಡು ಬೆರಳು ತೋರಿಸುತ್ತಾರೆ. ಮೂರನೆಯ ದಿನದ ಹೊತ್ತಿಗೆ ನಿಮ್ಮನ್ನು ಮರೆತಿರುತ್ತಾರೆ. ಒಳ್ಳೆಯ ಫೋಟೊ ಸಿಗುವುದು ಆಮೇಲೆಯೇ.

ಹಂತ 4: ಬಗ್ಗಿದವರ ಮುಖ ಹಿಡಿಯುವುದು

ಹತ್ತರಲ್ಲಿ ಒಂಬತ್ತು ಜನ ಸೋಲುವುದು ಇಲ್ಲಿ. ಶ್ರಮದಾನ ಅಂದರೆ ಬಗ್ಗಿ ಮಾಡುವ ಕೆಲಸ. ಗುಡಿಸುವುದು, ಅಗೆಯುವುದು, ಗಿಡ ನೆಡುವುದು, ಪ್ಲಾಸ್ಟಿಕ್ ಹೆಕ್ಕುವುದು ಎಲ್ಲವೂ ಹಾಗೇ. ಫೋಟೊ ತೆಗೆಯುವವರು ಮಾತ್ರ ನೆಟ್ಟಗೆ ನಿಂತಿರುತ್ತಾರೆ. ಆಗ ಸಿಗುವುದು ನೆತ್ತಿ, ಬೆನ್ನು ಮತ್ತು ಹಾಳೆ ಟೋಪಿ.

ಆದ್ದರಿಂದ ಕುಕ್ಕರುಗಾಲಿನಲ್ಲಿ ಕೂರಿ. ನಿಮ್ಮ ಕ್ಯಾಮೆರಾ ಬಗ್ಗಿದವರ ಎದೆಯ ಮಟ್ಟಕ್ಕೆ ಬರಬೇಕು. ಇನ್ನೂ ಕೆಳಗೆ ಹೋಗಬೇಡಿ. ಪೂರ್ತಿ ನೆಲಕ್ಕೆ ಹೋದರೆ ಹಿಂದೆ ಬರೀ ಆಕಾಶ ಬರುತ್ತದೆ, ಮುಖ ಕಪ್ಪಾಗುತ್ತದೆ. ಮಳೆಗಾಲವಾದರೆ ಮಂಡಿಯೂರುವ ಮೊದಲು ಕಾಲಿಗೆ ಉಪ್ಪೋ ಸುಣ್ಣವೋ ಹಚ್ಚಿಕೊಳ್ಳಿ. ಉಂಬಳ (ಜಿಗಣೆ) ಹತ್ತಿದ ಮೇಲೆ ಗಮನವೆಲ್ಲ ಅತ್ತಲೇ ಹೋಗುತ್ತದೆ.

ಕೂತ ಮೇಲೆ ಕಾಯಿರಿ. ಪ್ರತಿ ಕೆಲಸದಲ್ಲೂ ಮುಖ ಮೇಲೇಳುವ ಒಂದು ಗಳಿಗೆ ಇದೆ.

ಪಿಕಾಸಿ ಹಿಡಿದವರನ್ನು ನೋಡಿ. ಮಣ್ಣಿಗೆ ಹೊಡೆಯುವಾಗ ಮುಖ ಕೆಳಗಿರುತ್ತದೆ. ಪಿಕಾಸಿ ತಲೆಯ ಮೇಲೆ ಹೋಗಿ ವಾಪಸು ಬರುವ ಮುನ್ನ ಒಂದು ಚೂರು ಹೊತ್ತು ನಿಂತ ಹಾಗಾಗುತ್ತದೆ. ಆಗ ಮುಖ ಪೂರ್ತಿ ಕಾಣುತ್ತದೆ. ಚಲನೆಯೂ ಕಡಿಮೆ ಇರುವುದರಿಂದ ಫೋಟೊ ಅಲ್ಲಾಡುವುದಿಲ್ಲ. ಒತ್ತಬೇಕಾದ್ದು ಆಗ. ಆದರೆ ಪಿಕಾಸಿಯ ನೇರಕ್ಕೆ ಯಾವತ್ತೂ ಕೂರಬೇಡಿ. ನಾಲ್ಕೈದು ಮಾರು ದೂರ, ಒಂದು ಪಕ್ಕದಲ್ಲಿರಿ.

ಗುಡಿಸುವವರು ರಾಶಿ ಮಾಡಿ ಮುಗಿಸಿದಾಗ ತಲೆ ಎತ್ತುತ್ತಾರೆ. ಗಿಡ ನೆಡುವವರು ಮಣ್ಣು ತುಳಿಯುವಾಗ ಕೆಳಗೆ ನೋಡುತ್ತಾರೆ, ಕೋಲು ನೆಟ್ಟು ಕಟ್ಟುವಾಗ ಮುಖ ಸಿಗುತ್ತದೆ.

ಇನ್ನು ಬಾಂಡ್ಲಿ ಸಾಲು. ಇದು ಶ್ರಮದಾನದಲ್ಲೇ ಚಂದದ ದೃಶ್ಯ. ಎಲ್ಲರೂ ಸಾಲಿನ ತುದಿಯಲ್ಲಿ ನಿಂತು ಪೂರ್ತಿ ಸಾಲನ್ನು ತೆಗೆಯಲು ನೋಡುತ್ತಾರೆ. ಅದರಲ್ಲಿ ಮೊದಲಿನ ಇಬ್ಬರು ದೊಡ್ಡದಾಗಿ ಬರುತ್ತಾರೆ, ಉಳಿದವರು ಮುಚ್ಚಿಹೋಗುತ್ತಾರೆ. ನೀವು ಇಬ್ಬರನ್ನು ಮಾತ್ರ ಆರಿಸಿಕೊಳ್ಳಿ. ಕೊಡುವವರು ಒಬ್ಬರು, ತೆಗೆದುಕೊಳ್ಳುವವರು ಒಬ್ಬರು. ತೆಗೆದುಕೊಳ್ಳುವವರು ಕೊಡುವವರ ಕಡೆಗೆ, ಅಂದರೆ ಕೆರೆಯಂಗಳದ ಕಡೆಗೆ ತಿರುಗುತ್ತಾರೆ. ಹಾಗಾಗಿ ನೀವು ಸಾಲಿನ ಕೆಳಭಾಗದಲ್ಲಿ, ಓರೆಯಾಗಿ ಕೂರಬೇಕು. ಹಿಂದೆ ಆಕಾಶ ಕಂಡರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಏರಿಯ ಮಣ್ಣೋ ಮರವೋ ಬರುವ ಹಾಗೆ ನೋಡಿಕೊಳ್ಳಿ.

ಈಗ ಕೈಗಳನ್ನು ನೋಡಿ. ಕೊಡುವವರ ಹೆಬ್ಬೆರಳು ಇನ್ನೂ ಬಾಂಡ್ಲಿಯ ಅಂಚಿನ ಮೇಲಿರುತ್ತದೆ. ತೆಗೆದುಕೊಳ್ಳುವವರ ಬೆರಳುಗಳು ಆಗಲೇ ಅಡಿಗೆ ಹೋಗಿರುತ್ತವೆ. ಭಾರ ಇಬ್ಬರ ಕೈಯಲ್ಲೂ ಇರುತ್ತದೆ. ಹಸಿ ಮಣ್ಣಿನ ನೀರು ಮೊಣಕೈವರೆಗೆ ಇಳಿದು ಗೆರೆ ಮಾಡಿರುತ್ತದೆ. ಅದೇ ಗಳಿಗೆಯಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಬಿಡಲಾ ಅಂತ ಕೇಳುವ ಹಾಗೆ. ಆ ಅರ್ಧ ಸೆಕೆಂಡ್ ಸಿಕ್ಕರೆ ಬೇರೆ ಫೋಟೊ ಬೇಡ. ಒಂದೇ ಬಾರಿಗೆ ಸಿಗುವುದಿಲ್ಲ. ಆದರೆ ಬಾಂಡ್ಲಿ ಮತ್ತೆ ಮತ್ತೆ ಬರುತ್ತದೆ, ಅಲ್ವಾ? ಅದೇ ಜಾಗದಲ್ಲಿ ಹತ್ತು ನಿಮಿಷ ಕೂತಿರಿ. ಸುಮ್ನೆ ಜಾಗ ಬದಲಿಸುತ್ತಾ ಓಡಾಡುವವರಿಗೆ ಇದು ಸಿಗುವುದಿಲ್ಲ.

ಮೊಬೈಲಿನಲ್ಲಿ ಬರ್ಸ್ಟ್ ಬಳಸಿ. ಬಹಳಷ್ಟು ಮೊಬೈಲುಗಳಲ್ಲಿ ಬಟನ್ ಒತ್ತಿ ಹಿಡಿದರೆ ಅಥವಾ ಪಕ್ಕಕ್ಕೆ ಎಳೆದರೆ ಸಾಲು ಸಾಲಾಗಿ ಫೋಟೊ ಬರುತ್ತವೆ. ದೊಡ್ಡ ಕ್ಯಾಮೆರಾ ಇದ್ದವರು ಶಟರ್ ವೇಗವನ್ನು 1/250 ಸೆಕೆಂಡಿಗಿಂತ ನಿಧಾನ ಮಾಡಬೇಡಿ. ಮಣ್ಣು ಎರಚುವುದನ್ನು ತೆಗೆಯುವುದಾದರೆ 1/500 ಬೇಕು. ಬೆಳಕು ಕಡಿಮೆಯಿದ್ದರೆ ಐಎಸ್‌ಒ (ಬೆಳಕು ಹಿಡಿಯುವ ಸೂಕ್ಷ್ಮತೆ) 1600, 3200ಕ್ಕೂ ಏರಿಸಿ. ಸ್ವಲ್ಪ ಕಾಳು ಕಾಳಾಗಿ ಬಂದರೂ ಪರವಾಗಿಲ್ಲ, ಅಲ್ಲಾಡಿದ ಮುಖವನ್ನು ಆಮೇಲೆ ಸರಿಮಾಡಲಾಗುವುದಿಲ್ಲ.

ಪೋರ್ಟ್ರೇಟ್ ಮೋಡ್ ಇಲ್ಲಿ ಬೇಡ. ಹಿನ್ನೆಲೆ ಮಸುಕು ಮಾಡುವ ಭರದಲ್ಲಿ ಅದು ಸಲಿಕೆಯ ಹಿಡಿಯನ್ನೂ ಬಾಂಡ್ಲಿಯ ಅಂಚನ್ನೂ ತಿಂದುಹಾಕುತ್ತದೆ. ಅಗಲವಾಗಿ ತೋರಿಸುವ 0.5 ಲೆನ್ಸ್ ಕೂಡ ಬೇಡ. ಅಂಚಿನಲ್ಲಿದ್ದವರ ಮುಖ ಎಳೆದಂತಾಗುತ್ತದೆ. 1 ಅಥವಾ 2ರಲ್ಲಿ ಇರಲಿ. ಉಳಿದದ್ದಕ್ಕೆ ನಿಮ್ಮ ಕಾಲು ಇದೆ, ಹತ್ತಿರ ಹೋಗಿ.

ಹಂತ 5: ಮುಖಕ್ಕೆ ಬೆಳಕು

ನೀರು, ಆಕಾಶ, ಬಿಳಿ ಗೋಡೆ ಹಿಂದೆ ಇದ್ದರೆ ಮೊಬೈಲ್ ಅದಕ್ಕೆ ತಕ್ಕಂತೆ ಬೆಳಕು ಇಳಿಸುತ್ತದೆ. ಮುಖದ ಮೇಲೆ ಬೆರಳಿಟ್ಟು ಮುಟ್ಟಿ. ಪಕ್ಕದಲ್ಲಿ ಸಣ್ಣ ಸೂರ್ಯನ ಗುರುತು ಬಂದರೆ ಅದನ್ನು ಚೂರು ಮೇಲಕ್ಕೆ ಸರಿಸಿ. ಆಕಾಶ ಬೆಳ್ಳಗಾಗಿ ಹೋದರೂ ಹೋಗಲಿ, ನಮಗೆ ಬೇಕಾದ್ದು ಮುಖ.

ಸಾಧ್ಯವಾದಷ್ಟೂ ಬೆಳಿಗ್ಗೆ ಒಂಬತ್ತರೊಳಗೆ ಮುಗಿಸಿ. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಕಣ್ಣಿನ ಗುಳಿಯಲ್ಲಿ ನೆರಳು ಕೂತುಬಿಡುತ್ತದೆ. ಅಡಿಕೆ ತೋಟದೊಳಗೆ ಬೇರೆಯೇ ಕಷ್ಟ. ಸೋಗೆಯ ಸಂದಿನಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದು ಮುಖದ ಮೇಲೆ ಸುಣ್ಣ ಎರಚಿದ ಹಾಗೆ ಕಾಣುತ್ತದೆ. ಅವರು ಪೂರ್ತಿ ನೆರಳಿಗೆ ಬರುವವರೆಗೆ ಕಾಯಿರಿ. ಮೋಡ ಕವಿದ ದಿನವಂತೂ ವರ. ಮುಖದ ಮೇಲೆ ಒಂದೇ ಸಮನೆ ಬೆಳಕು ಬೀಳುತ್ತದೆ. ಬಿಳಿ ಆಕಾಶ ಮಾತ್ರ ಫೋಟೊದೊಳಗೆ ಬರದ ಹಾಗೆ ನೋಡಿಕೊಳ್ಳಿ.

ಹಿನ್ನೆಲೆಯಲ್ಲಿ ಊರಿನ ಗುರುತು ಒಂದಿರಲಿ. ಶಿವಮೊಗ್ಗದಲ್ಲಿ ತುಂಗೆಯ ದಂಡೆ ಸ್ವಚ್ಛ ಮಾಡುವಾಗ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಹಿಂದೆ ಕಂಡರೆ ಸಾಕು. ಮಳೆಗಾಲದಲ್ಲಿ ಅದು ಮುಳುಗಿತು ಅಂದರೆ ಹೊಳೆ ತುಂಬಿತು ಎಂದು ಲೆಕ್ಕ ಹಾಕುವ ಊರಿಗೆ ಬೇರೆ ವಿಳಾಸ ಬೇಕಾಗುವುದಿಲ್ಲ.

ಹಂತ 6: ಕೆಲಸದ ಅಂಚಿನಲ್ಲಿರುವವರು

ಒಲೆಯ ಹತ್ತಿರ ಹೋಗಿ. ಅವಲಕ್ಕಿ ಕಲಸುವವರು, ಕಷಾಯ ಸೋಸುವವರು, ಎಲ್ಲರ ಚಪ್ಪಲಿ ಬದಿಗಿಟ್ಟು ನೀರಿನ ಕೊಡ ಹೊತ್ತು ತಂದವರು ಅಲ್ಲಿರುತ್ತಾರೆ. ಜುಲೈ ಮೊದಲ ವಾರದ ವನಮಹೋತ್ಸವದಲ್ಲಿ ಒಂದು ಸಸಿಗೆ ಹತ್ತು ಕೈ ಹಿಡಿದ ಫೋಟೊ ಎಲ್ಲರ ಹತ್ತಿರವೂ ಇರುತ್ತದೆ. ಹಿಂದಿನ ದಿನ ಕಂಬಳಿಕೊಪ್ಪೆ ಹಾಕಿಕೊಂಡು, ಜಡಿಮಳೆಯಲ್ಲಿ ಆ ಗುಂಡಿ ತೋಡಿದವರ ಫೋಟೊ ಇರುವುದಿಲ್ಲ. ಒಂದು ದಿನ ಮುಂಚೆ ಹೋಗಿ.

ರಕ್ತದಾನ ಶಿಬಿರದಲ್ಲಿ ಸೂಜಿಯನ್ನು ಹತ್ತಿರದಿಂದ ತೆಗೆಯಬೇಡಿ. ನೋಡಿದವರು ಮುಂದಿನ ಸಲ ಬರಲು ಹೆದರುತ್ತಾರೆ. 350 ಅಥವಾ 450 ಮಿಲಿಲೀಟರ್ ರಕ್ತ ತೆಗೆಯಲು ಸುಮಾರು ಹತ್ತು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಮಾತಾಡಿಸಿ, ಒಪ್ಪಿದರೆ ಮುಖ ಮತ್ತು ಚೆಂಡು ಹಿಸುಕುವ ಕೈ ಒಟ್ಟಿಗೆ ಬರುವ ಹಾಗೆ ತೆಗೆಯಿರಿ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಬೇಕು. 2019ರ ಆಗಸ್ಟ್‌ನಲ್ಲಿ ಶಿವಮೊಗ್ಗದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಂಥ ಹೊತ್ತಿನಲ್ಲಿ ನೆರವು ಪಡೆಯುವವರ ಮುಖ ತೆಗೆಯಲೇಬೇಡಿ. ಅನ್ನದ ಪೊಟ್ಟಣಕ್ಕೆ ಕೈಯೊಡ್ಡಿದ ಗಳಿಗೆ ಯಾರ ಮೊಬೈಲಿನಲ್ಲೂ ಉಳಿಯಬೇಕಾದ್ದಲ್ಲ. ಪೊಟ್ಟಣ ಕಟ್ಟುವ ಕೈಗಳನ್ನು ತೆಗೆಯಿರಿ, ಸೊಂಟದುದ್ದ ನೀರಿನಲ್ಲಿ ಹಗ್ಗ ಹಿಡಿದು ಹೊರಟವರನ್ನು ತೆಗೆಯಿರಿ.

ಹಂತ 7: ಗುಂಪು ಫೋಟೊ

ಅದೂ ಬೇಕು. ಕೆಲಸ ಮುಗಿದ ಮೇಲೆ, ತಿಂಡಿಗೆ ಮುಂಚೆ. ನೀವು ಏರಿ ಮೇಲೆ ಹತ್ತಿ, ಅವರನ್ನು ನೆರಳಿನಲ್ಲಿ ನಿಲ್ಲಿಸಿ ಮೇಲೆ ನೋಡಲು ಹೇಳಿ. ಐದು ಫೋಟೊ ತೆಗೆಯಿರಿ, ಯಾರೋ ಒಬ್ಬರು ಕಣ್ಣು ಮುಚ್ಚೇ ಇರುತ್ತಾರೆ. ಬ್ಯಾನರ್ ಬೇಕೇಬೇಕು ಅಂದರೆ ಮುಂದಿನ ಸಾಲಿನವರ ಕಾಲ ಬಳಿ ಹಾಸಿ. ಎದೆಗೆ ಅಡ್ಡ ಹಿಡಿದರೆ ಅರ್ಧ ಜನ ಮಾಯ. ಒಲೆಯ ಹತ್ತಿರದವರನ್ನು ಕರೆದು ನಡುವೆ ನಿಲ್ಲಿಸಿದ ಮೇಲೆಯೇ ಕ್ಲಿಕ್ ಮಾಡಿ.

ಹಂತ 8: ಆರಿಸಿ, ಕೊಡಿ

ಎಲ್ಲವನ್ನೂ ಗ್ರೂಪಿಗೆ ಸುರಿಯಬೇಡಿ. ಹದಿನೈದು ಸಾಕು. ಆರಿಸುವಾಗ ಒಂದು ಹಾಳೆಯಲ್ಲಿ ಬಂದವರ ಹೆಸರು ಬರೆದುಕೊಂಡು, ಯಾರು ಬಿಟ್ಟುಹೋದರು ನೋಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಫೋಟೊ ಸಣ್ಣದಾಗಿ ಹಾಳಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಕ್ಯಾಮೆರಾ ಇದ್ದವರಿಗೆ ಒಂದು ಮಾತು. ನಮ್ಮ ಮಳೆಗಾಲದ ಥಂಡಿಗೆ ಲೆನ್ಸ್ ಒಳಗೆ ಬೂಷ್ಟು ಬರುತ್ತದೆ. ಬ್ಯಾಗಿನಲ್ಲಿಟ್ಟು ಬೀರುವಿನಲ್ಲಿ ಮುಚ್ಚಿಡಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವ ಉಪಾಯವೂ ಬೇಡ, ಧೂಳು ಸೇರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಎಂದರ್ಥ. ಬಿಸಿ ಮಾಡಿ ಒಣಗಿಸಬೇಕು, ಅಡುಗೆಯ ಪಾತ್ರೆಯಲ್ಲಿ ಮಾತ್ರ ಬೇಡ. ಶೂ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣಗಳಿಂದ ಏನೂ ಆಗುವುದಿಲ್ಲ. ಅವು ನಮ್ಮ ಕೈಗೆ ಸಿಗುವ ಹೊತ್ತಿಗೆ ತೇವ ಕುಡಿದು ಮುಗಿಸಿರುತ್ತವೆ.

ಕೊನೆಯದಾಗಿ ಪ್ರಿಂಟ್. 4×6 ಸಾಕು. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಮೊದಲು ಕೊಡಿ. ನಾನು ನೀರಿಗಿಳಿದು ಅಂತರಗಂಗೆ ಕಿತ್ತವರ ಬಳಿಗೆ ಮುಂದಿನ ಭಾನುವಾರ ಮತ್ತೆ ಹೋದೆ. ಈ ಸಲ ದಂಡೆಯ ಮೇಲಿರಲಿಲ್ಲ, ಮೆಟ್ಟಿಲಿಳಿದು ಮೊಣಕಾಲುದ್ದ ನೀರಿನಲ್ಲಿ ನಿಂತು ಅವರ ಮುಖ ತೆಗೆದೆ. ಆಮೇಲೆ ಪ್ರಿಂಟ್ ಕೊಟ್ಟಾಗ ಅವರು ಒದ್ದೆ ಕೈಯನ್ನು ಲುಂಗಿಗೆ ಎರಡು ಸಲ ಒರೆಸಿಕೊಂಡು ಅಂಚಿನಲ್ಲಿ ಹಿಡಿದು ನೋಡಿದರು. ಹಿಂಬದಿಯಲ್ಲಿ ಊರು, ದಿನಾಂಕ, ಹೆಸರು ಬರೆದು ಕೊಡಿ. ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್ ಪೆನ್ ಒತ್ತಿದರೆ ಮುಂಬದಿಯಲ್ಲಿ ಗೆರೆ ಮೂಡುತ್ತದೆ. ಪ್ಲಾಸ್ಟಿಕ್ ಹಾಳೆಯ ಆಲ್ಬಮ್ಮಿಗೆ ಹಾಕಬೇಡಿ ಎಂದೂ ಹೇಳಿ. ಆಷಾಢದ ಥಂಡಿಗೆ ಫೋಟೊ ಅದಕ್ಕೆ ಅಂಟಿಕೊಂಡು, ಬಿಡಿಸುವಾಗ ಮುಖವೇ ಕಿತ್ತುಬರುತ್ತದೆ. ಕಾಗದದ ಲಕೋಟೆಯಲ್ಲಿಟ್ಟು, ತೇವವೂ ಬಿಸಿಯೂ ತಾಗದ ಕಡೆ ಇಟ್ಟರೆ ಚೆನ್ನಾಗಿ ಉಳಿಯುತ್ತದೆ.