ಹೆಬ್ಬಾತನ್ನು ಮೊದಲು ಹಬೆಯಲ್ಲಿ ಬೇಯಿಸಿ: ಕ್ರಿಸ್‌ಮಸ್ ಊಟದ ನನ್ನ ಅನುಭವ

ಕಳೆದ ಕ್ರಿಸ್‌ಮಸ್‌ಗೆ ನಮ್ಮನೆ ಹೆಬ್ಬಾತು ಕೊನೆಗೂ ದಾರಿಗೆ ಬಂತು. ಚರ್ಮ ಹಪ್ಪಳದ ಹಾಗೆ ಮುರಿಯಿತು. ತೊಡೆ ಮೂಳೆಯಿಂದ ತಾನಾಗಿ ಬಿಟ್ಟುಕೊಂಡಿತು. ಎದೆಯ ಮಾಂಸ ಒಣಗಿರಲಿಲ್ಲ. ಜರ್ಮನಿಯ ನ್ಯೂರೆಂಬರ್ಗ್‌ನ ನಮ್ಮ ಕನ್ನಡ ಬಳಗದಲ್ಲಿ "ಅದನ್ನ ಯಾರಾದ್ರೂ ಹಬೆಯಲ್ಲಿ ಬೇಯಿಸ್ತಾರೇನ್ರೀ, ಅದೇನು ಇಡ್ಲಿನಾ?" ಅಂತ ನಕ್ಕವರೇ ತಟ್ಟೆ ಮುಂದೆ ಮಾಡಿ ಇನ್ನೊಂದು ಸಲ ಹಾಕಿಸಿಕೊಂಡರು. ಅದಕ್ಕೇ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಅವನ್‌ನಲ್ಲಿ ಇಡೀ ಕೋಳಿ, ಟರ್ಕಿ ಮಾಡಿ ಅಭ್ಯಾಸ ಇರುವವರಿಗಾಗಿ ಇದು. ಥರ್ಮಾಮೀಟರ್ ಎಲ್ಲಿ ಚುಚ್ಚಬೇಕು, ಹಕ್ಕಿ ಹೇಗೆ ಕತ್ತರಿಸಬೇಕು ಅಂತೆಲ್ಲ ಹೇಳಲ್ಲ.

ಮೊದಲು ಖರೀದಿಯ ಮಾತು. ಜರ್ಮನಿಯಲ್ಲಿ ಹೆಬ್ಬಾತಿನ ಸೀಸನ್ ನವೆಂಬರ್ 11ರ ಸಂತ ಮಾರ್ಟಿನ್ ಹಬ್ಬದ ಹೊತ್ತಿಗೆ ಏರುತ್ತದೆ, ಕ್ರಿಸ್‌ಮಸ್‌ಗೆ ಮುಗಿಯುತ್ತದೆ. ಇದು ಕೋಳಿಯಂತೆ ವರ್ಷವಿಡೀ ಮೊಟ್ಟೆ ಇಡುವ ಹಕ್ಕಿಯಲ್ಲ. ವಸಂತದಲ್ಲಿ ಮೊಟ್ಟೆ, ಬೇಸಿಗೆಯೆಲ್ಲ ಹುಲ್ಲು, ಚಳಿ ಬರುವಾಗ ಮೈತುಂಬ ಕೊಬ್ಬು. ತಾಜಾ ಹಕ್ಕಿ ಬೇಕಂದ್ರೆ ಅಕ್ಟೋಬರ್‌ನಲ್ಲೇ ರೈತರ ಹತ್ತಿರ ಹೆಸರು ಬರೆಸಿ, ಮುಂಗಡ ಕೊಟ್ಟು ಬರಬೇಕು. ಡಿಸೆಂಬರ್ 20ಕ್ಕೆ ಹೋಗಿ ಕೇಳಿದ್ರೆ ಮುಂದಿನ ವರ್ಷಕ್ಕಾ ಅಂತ ಕೇಳುತ್ತಾರೆ.

ಸೂಪರ್‌ಮಾರ್ಕೆಟ್ ಫ್ರೀಜರ್‌ನಲ್ಲಿ ಇರೋದು ಹೆಚ್ಚಾಗಿ ಪೋಲೆಂಡ್ ಇಲ್ಲವೇ ಹಂಗೇರಿಯಿಂದ ಬಂದದ್ದು. ಕಿಲೋಗೆ 8–9 ಯೂರೋ ಕೊಟ್ಟ ನೆನಪು. ರೈತರ ಹತ್ತಿರ 17ರಿಂದ 20. ನಾಲ್ಕೂವರೆ ಕಿಲೋದ ಹಕ್ಕಿಗೆ ಒಂದು ಕಡೆ 40, ಇನ್ನೊಂದು ಕಡೆ 80ರ ಆಸುಪಾಸು ಆಗಿತ್ತು. ನಾನು ಎರಡೂ ಮಾಡಿ ನೋಡಿದ್ದೇನೆ. ಕಲಿಯೋಕೆ ಫ್ರೀಜರ್‌ದೇ ಸಾಕು. ಕೆಟ್ಟರೆ ಹೊಟ್ಟೆ ಉರಿಯೋದು ಅರ್ಧ ಮಾತ್ರ. ಆದರೆ ಹುಲ್ಲು ಮೇಯ್ದು ಬೆಳೆದದ್ದರ ತೊಡೆಯ ರುಚಿ ಬೇರೆ, ಅದರಲ್ಲಿ ಎರಡು ಮಾತಿಲ್ಲ. ಆರಿಸುವಾಗ ಎದೆಮೂಳೆಯ ತುದಿ ಒತ್ತಿ ನೋಡಿ. ಬಾಗಿದರೆ ಎಳೆಯದು, ಗಟ್ಟಿಯಾಗಿ ನಿಂತರೆ ವಯಸ್ಸಾದದ್ದು. ಹಾಗೆ ಒತ್ತಿ ನೋಡಿದ್ದಕ್ಕೆ ರೈತನ ಹೆಂಡತಿ ನನಗೆ ಒಂಚೂರು ಮರ್ಯಾದೆ ಕೊಡೋಕೆ ಶುರು ಮಾಡಿದರು.

ಐದು ಕಿಲೋಗಿಂತ ದೊಡ್ಡದಕ್ಕೆ ಆಸೆ ಪಡಬೇಡಿ. ಅಷ್ಟು ದೊಡ್ಡ ಹಕ್ಕಿಯಲ್ಲಿ ಕೊಬ್ಬೇ ಜಾಸ್ತಿ. ನಾಲ್ಕೂವರೆ ಕಿಲೋ ತಂದರೆ ತಟ್ಟೆಗೆ ಬೀಳುವ ಮಾಂಸ ಒಂದೂವರೆ ಕಿಲೋ ಅಂತ ಇಟ್ಕೊಳ್ಳಿ. ಆರು ಜನಕ್ಕೆ ಸರಿ. ನಮ್ಮವರು ತಿನ್ನೋ ಲೆಕ್ಕದಲ್ಲಿ ಐದು.

ಈಗ ಕೆಟ್ಟ ಕಥೆಗಳು. ಮೊದಲ ಸಲ ಪ್ಯಾಕೆಟ್ ಮೇಲೆ ಬರೆದಿದ್ದ ಹಾಗೇ 200 ಡಿಗ್ರಿಯಲ್ಲಿ ಇಟ್ಟೆವು. ಮುಕ್ಕಾಲು ಗಂಟೆಯಲ್ಲಿ ಟ್ರೇ ತುಂಬ ಕೊಬ್ಬು. ಅದು ಸಿಡಿದು ಅವನ್ ಗೋಡೆಗೆಲ್ಲ ಹತ್ತಿ, ಮನೆ ತುಂಬ ನೀಲಿ ಹೊಗೆ, ಅಲಾರಂ. ಪಕ್ಕದ ಮನೆಯ ಅಜ್ಜಿ ಕೋಟು ಹಾಕಿಕೊಂಡು ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಎದೆ ಒಣಗಿ ಪುಡಿಪುಡಿ, ತೊಡೆ ಮಾತ್ರ ಇನ್ನೂ ರಬ್ಬರು. ಚರ್ಮದ ಕೆಳಗೆ ಬೆರಳು ದಪ್ಪ ಕೊಬ್ಬು ಹಾಗೇ ಕೂತಿತ್ತು. ಬಂದವರು ಆಲೂಗಡ್ಡೆ ಉಂಡೆ ತಿಂದು ಹೋದರು.

ಮುಂದೆ ಇಲ್ಲಿಯವರು ಬಹಳ ಹೊಗಳುವ 80 ಡಿಗ್ರಿ ವಿಧಾನ. ರಾತ್ರಿಯೆಲ್ಲ ಅವನ್‌ನಲ್ಲಿ ಇಟ್ಟು, ಬೆಳಗ್ಗೆ ಜೋರು ಉರಿ ಕೊಡೋದು. ಮಾಂಸ ಚೆನ್ನಾಗಿ ಬೆಂದಿತ್ತು, ಸುಳ್ಳು ಹೇಳಲ್ಲ. ಆದರೆ ಚರ್ಮ ಬಿಳಿಚಿಕೊಂಡು ಮೆತ್ತಗೆ ಉಳಿಯಿತು. ಕೊನೆಯಲ್ಲಿ ಗ್ರಿಲ್ ಹಾಕಿದ್ರೆ ಒಂದು ಕಡೆ ಕಪ್ಪು, ಇನ್ನೊಂದು ಕಡೆ ಹಾಗೇ. ನನ್ನ ಹೆಂಡತಿ ಸಸ್ಯಾಹಾರಿ. ರಾತ್ರಿಯಿಡೀ ಮನೆಯಲ್ಲಿ ಆ ವಾಸನೆ ಅಂದ್ರೆ ಏನು ಅಂತ ಯೋಚನೆ ಮಾಡಿ. ಇನ್ನೊಂದು ಸಲ ಹಾಗೆ ಮಾಡಿದ್ರೆ ನೀವೂ ಬಾಲ್ಕನಿಯಲ್ಲೇ ಮಲಗಿ ಅಂದಳು.

ಒಂದು ವರ್ಷ ಸೋತು ಹೋಟೆಲಿನಿಂದಲೇ ಬೇಯಿಸಿದ್ದು ತರಿಸಿದೆ. ನಾಲ್ಕು ಜನಕ್ಕೆ 140 ಯೂರೋ ಆಸುಪಾಸು. ಡಬ್ಬಿ ಬಿಚ್ಚಿದ್ರೆ ಉಗುರು ಬೆಚ್ಚಗೆ, ಮತ್ತೆ ತೊಡೆ ಒಂದೇ ಇತ್ತು. 25ನೇ ತಾರೀಕು ಯಾರ ಹತ್ತಿರ ಜಗಳ ಮಾಡೋದು? ಆವತ್ತು ಹಠ ಹತ್ತಿತು.

ಎಲ್ಲ ಸಲದ ತೊಂದರೆಯೂ ಒಂದೇ: ಕೊಬ್ಬು. ಅದನ್ನು ಮೊದಲೇ ಇಳಿಸದೆ ಚರ್ಮ ಗರಿಯಾಗಲ್ಲ. ಇಳಿಯೋ ತನಕ ಅವನ್‌ನಲ್ಲಿ ಇಟ್ಟರೆ ಎದೆ ಒಣಗುತ್ತದೆ. ಹಬೆ ನೂರು ಡಿಗ್ರಿ ದಾಟಲ್ಲ. ಕೊಬ್ಬು ಕರಗುತ್ತದೆ, ಸುಡಲ್ಲ, ತೊಟ್ಟಿಕ್ಕಿ ಕೆಳಗಿನ ನೀರಿಗೆ ಬೀಳುತ್ತದೆ. ಹೊಗೆಯೂ ಇಲ್ಲ. ಪಶ್ಚಿಮದವರಲ್ಲೂ ಇದನ್ನು ಮಾಡುವವರಿದ್ದಾರೆ, ಚೀನಾದವರು ಬಾತುಕೋಳಿಗೆ ಇಂಥದ್ದೇ ಮಾಡುತ್ತಾರೆ. ಆದರೆ ನಮ್ಮ ಪಕ್ಕದ ಮನೆಯ ಅಜ್ಜಿ ಕೇಳಿ "ನೈನ್, ನೈನ್" (ಬೇಡ, ಬೇಡ) ಅಂತ ಕೈ ಅಲ್ಲಾಡಿಸಿದರು. ಹಬೆಯಲ್ಲಿ ರುಚಿಯೆಲ್ಲ ಹೋಗುತ್ತಂತೆ.

ಪಾತ್ರೆಯದೇ ದೊಡ್ಡ ಸಮಸ್ಯೆ. ಯುಗಾದಿಗೆ ಬಳಗದವರೆಲ್ಲ ಸೇರಿ ಇಡ್ಲಿ ಮಾಡುವ ದೊಡ್ಡ ಪಾತ್ರೆ ನನ್ನ ಕಣ್ಣಿಗೆ ಬಿದ್ದಿತ್ತು. ಕೇಳಿದ್ದೇ ತಡ, ಗಲಾಟೆ. ಅದರಲ್ಲಿ ಮಾಂಸ ಬೆಂದರೆ ಮುಂದಿನ ಯುಗಾದಿಗೆ ಅರ್ಧ ಜನ ಉಪವಾಸ. ಅವರ ಮಾತೂ ನ್ಯಾಯವೇ. ಕೊನೆಗೆ ಸಿಕ್ಕಿದ್ದು ಇಲ್ಲಿಯ ಹಳೇ ಮನೆಗಳಲ್ಲಿ ಹಣ್ಣನ್ನು ಬಾಟಲಿಗೆ ತುಂಬಿ ಕುದಿಸೋಕೆ ಇಟ್ಕೊಂಡಿರುವ ಕರೆಂಟಿನ ಹಂಡೆ. ಸುಮಾರು 28 ಲೀಟರ್, ತಳದಲ್ಲಿ ತಂತಿ ಜಾಲರಿ. ಸೆಕೆಂಡ್‌ಹ್ಯಾಂಡ್ 35 ಯೂರೋ. ಮಾರಿದ ಮುದುಕ ನಾನು ಗ್ಲೂವೈನ್ (ಮಸಾಲೆ ಹಾಕಿದ ಬಿಸಿ ವೈನ್) ಕಾಸೋಕೆ ಒಯ್ಯುತ್ತಿದ್ದೇನೆ ಅಂದುಕೊಂಡು ಲವಂಗದ ಅಳತೆ ಹೇಳಿಕೊಟ್ಟ.

ಇನ್ನು ಕೆಲಸ. ಹೊಟ್ಟೆಯೊಳಗಿನ ಚೀಲದಿಂದ ಕುತ್ತಿಗೆ, ಹೃದಯ, ಈಲಿ ತೆಗೆದಿಡಿ. ಬಾಲದ ಹತ್ತಿರ ಹಳದಿ ಕೊಬ್ಬಿನ ಗಡ್ಡೆಗಳಿರುತ್ತವೆ, ಕೈಯಲ್ಲೇ ಕಿತ್ತರೆ ಬರುತ್ತವೆ. ಬಿಸಾಡಬೇಡಿ. ರೆಕ್ಕೆಯ ತುದಿ ಕತ್ತರಿಸಿ ಸಾರಿಗೆ ಇಡಿ. ಆಮೇಲೆ ದೀಪದ ಕೆಳಗೆ ಹಿಡಿದು ಚರ್ಮ ನೋಡಿ. ರೆಕ್ಕೆಯ ಬುಡದಲ್ಲಿ, ತೊಡೆಯ ಒಳಗೆ ಮುರಿದ ಗರಿಗಳ ಕಪ್ಪು ಬುಡ ಉಳಿದಿರುತ್ತದೆ. ಹುಬ್ಬು ಕೀಳೋ ಚಿಮಟಿಗೆಯಿಂದ ಒಂದೊಂದೇ, ಗರಿ ಮಲಗಿದ ದಿಕ್ಕಿಗೇ ಎಳೆದರೆ ಪುಳಕ್ಕನೆ ಬರುತ್ತವೆ. ಎದುರು ಎಳೆದರೆ ಚರ್ಮ ಹರಿಯುತ್ತದೆ.

ಚುಚ್ಚುವುದರಲ್ಲಿ ಇಡೀ ಗೆಲುವು ಇದೆ. ದಪ್ಪ ಸೂಜಿ ತಗೊಂಡು ಓರೆಯಾಗಿ ಹಿಡಿಯಿರಿ. ಚರ್ಮ ದಾಟಬೇಕು, ಮಾಂಸ ಮುಟ್ಟಬಾರದು. ಚರ್ಮ ಮತ್ತು ಕೊಬ್ಬಿನಲ್ಲಿ ಸೂಜಿ ಸಲೀಸಾಗಿ ಹೋಗುತ್ತದೆ, ಮಾಂಸ ಬಂದ ಕೂಡಲೇ ಸ್ವಲ್ಪ ತಡೆಯುತ್ತದೆ. ಅಲ್ಲೇ ನಿಲ್ಲಿಸಿ. ತೊಡೆ ಎದೆಗೆ ಸೇರುವ ಜಾಗ, ರೆಕ್ಕೆಯ ಕೆಳಗೆ ಜಾಸ್ತಿ ಚುಚ್ಚಿ. ಎದೆಯ ನಡುವೆ ಕಡಿಮೆ ಸಾಕು.

ಹಂಡೆಯ ಜಾಲರಿ ಮೇಲೆ ಒಂದು ಸ್ಟೀಲ್ ಬೋಗುಣಿ ಮಗುಚಿಟ್ಟು, ನಾಲ್ಕೈದು ಸೆಂಟಿಮೀಟರ್ ನೀರು ಹಾಕಿ, ಹಕ್ಕಿಯನ್ನು ಬಾಲ ಕೆಳಗೆ ಮಾಡಿ ನಿಲ್ಲಿಸುತ್ತೇನೆ. ಹೊಟ್ಟೆಯೊಳಗಿನ ಕೊಬ್ಬೂ ಸುರಿದುಹೋಗಲಿ ಅಂತ. ನೀರು ಕುದಿ ಬಂದ ಮೇಲೆ 50 ನಿಮಿಷ. ತೆಗೆದಾಗ ನೋಡೋಕೆ ಚೆನ್ನಾಗಿರಲ್ಲ. ಬಿಳಿ ಮೈ, ಬಿಗಿದ ಚರ್ಮ, ಚುಚ್ಚಿದ ಒಂದೊಂದು ತೂತಿನಲ್ಲೂ ಹಳದಿ ಕೊಬ್ಬಿನ ಹನಿ. ಹೆದರಬೇಡಿ. ಬಟ್ಟೆಯಿಂದ ಒರೆಸಿ, ಆರಿದ ಮೇಲೆ ಒಳಗೂ ಹೊರಗೂ ಉಪ್ಪು ಹಚ್ಚಿ, ಮುಚ್ಚದೆ ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡಿ. ಹಬ್ಬದ ಹೊತ್ತಿಗೆ ಫ್ರಿಜ್‌ನಲ್ಲಿ ಜಾಗ ಎಲ್ಲಿರುತ್ತೆ ಅಲ್ವಾ? ನನ್ನದು ಬಾಲ್ಕನಿಗೆ ಹೋಯಿತು. ಹೊರಗೆ ಎರಡು ಮೂರು ಡಿಗ್ರಿ ಇತ್ತು. ಕಾಗೆಗಳಿಗೆ ಹೆದರಿ ಮೇಲೊಂದು ಬಟ್ಟೆ ಬುಟ್ಟಿ ಕವುಚಿದ್ದೆ. ಐದು ಡಿಗ್ರಿ ದಾಟುತ್ತೆ ಅನ್ನಿಸಿದರೆ ಬಾಲ್ಕನಿ ಬೇಡ, ಬಿಯರ್ ಬಾಟಲಿಗಳನ್ನು ಹೊರಗೆ ಹಾಕಿ ಇದನ್ನು ಒಳಗಿಡಿ.

ಬೆಳಗ್ಗೆ ಹೊಟ್ಟೆಗೆ ಹುಳಿ ಸೇಬು, ಈರುಳ್ಳಿ, ಒಂದು ಹಿಡಿ ಬೈಫೂಸ್ ಸೊಪ್ಪು. ಇಲ್ಲಿಯವರು ಹೆಬ್ಬಾತಿಗೆ ಅದಿಲ್ಲದೆ ಮಾಡಲ್ಲ. ನಾವು ಗಣೇಶ ಚೌತಿಗೆ ಏರಿಸುವ ಮಾಚಿಪತ್ರೆಯ ಬಳಗದ್ದೇ ಗಿಡ ಅದು. ಮೂಸಿ ನೋಡಿದ ಹೆಂಡತಿ ಒಂದು ಕಡ್ಡಿ ಎತ್ತಿಕೊಂಡು ಹೋಗಿ ದೇವರ ಮುಂದೆ ಇಟ್ಟು, "ಉಳಿದದ್ದು ನಿಮ್ಮ ಹಕ್ಕಿಗೆ" ಅಂದಳು. ಆಮೇಲೆ ಅವನ್‌ಗೆ: ಫ್ಯಾನ್ ಹಾಕಿ 150 ಡಿಗ್ರಿ, ಸುಮಾರು ಎರಡು ಗಂಟೆ. ಮೊದಲರ್ಧ ಎದೆ ಕೆಳಗೆ, ಆಮೇಲೆ ಮೇಲೆ. ಕೊನೆಗೆ 220ರಲ್ಲಿ ಕಾಲು ಗಂಟೆ, ಎದುರಲ್ಲೇ ಕೂತು ನೋಡುತ್ತ. ಆಮೇಲೆ ಅರ್ಧ ಗಂಟೆ ಯಾರೂ ಮುಟ್ಟಬಾರದು. ಫಾಯಿಲ್ ಮುಚ್ಚಬೇಡಿ, ಬೆವರಿ ಮೆತ್ತಗಾಗುತ್ತದೆ. ಅವನ್ ತೊಳೆಯೋ ಕೆಲಸವೇ ಇರಲಿಲ್ಲ. ಟ್ರೇಯಲ್ಲಿ ಬಿದ್ದದ್ದು ನಾಲ್ಕೈದು ಚಮಚ ಕೊಬ್ಬು ಅಷ್ಟೇ.

ಹಂಡೆಯ ನೀರನ್ನು ರಾತ್ರಿ ತಣ್ಣಗೆ ಇಟ್ಟರೆ ಮೇಲೆ ಬಿಳಿ ಕೊಬ್ಬು ಗಟ್ಟಿಯಾಗಿ ಬಿಲ್ಲೆ ಕಟ್ಟುತ್ತದೆ. ಚಾಕು ಆಡಿಸಿ ಇಡಿಯಾಗಿ ಎತ್ತಬಹುದು. ಕಿತ್ತಿಟ್ಟ ಗಡ್ಡೆಗಳನ್ನೂ ಕರಗಿಸಿದರೆ ಎಲ್ಲ ಸೇರಿ 700 ಗ್ರಾಂ ಹತ್ತಿರ. ಕೆಳಗಿನ ನೀರು ಸಪ್ಪೆ ಸಾರು, ಅದೇ ಗ್ರೇವಿಗೆ. ಕುತ್ತಿಗೆ, ರೆಕ್ಕೆ ತುದಿ, ಈರುಳ್ಳಿ, ಕ್ಯಾರೆಟ್ ಕೆಂಪಗೆ ಹುರಿದು, ಆ ನೀರು ಹಾಕಿ ಅರ್ಧಕ್ಕೆ ಇಳಿಸಿ. ಈಲಿ ಹಾಕಬೇಡಿ, ಕಹಿ ಬಿಡುತ್ತದೆ. ಅದನ್ನು ಮೆಣಸು ಹಾಕಿ ಹುರಿದು ಅಡುಗೆ ಮಾಡೋನು ಒಬ್ಬನೇ ತಿನ್ನೋದು. ಇಳಿಸುವ ಮುಂಚೆ ಕಾಚಂಪುಳಿ, ಅಂದ್ರೆ ಕೊಡಗಿನ ಕಪ್ಪು ಹುಳಿ. ನಮ್ಮೂರು ಸೋಮವಾರಪೇಟೆ ಕಡೆ, ಒಂದು ಬಾಟಲಿ ಯಾವಾಗಲೂ ಮನೆಯಲ್ಲಿ ಇರುತ್ತದೆ. ಹಂದಿಯ ಕೊಬ್ಬಿಗೆ ಒಗ್ಗಿದ ಹುಳಿ ಹೆಬ್ಬಾತಿಗೆ ಒಗ್ಗದೇ ಇರುತ್ತಾ? ಎಷ್ಟು ಹನಿ ಅಂತ ಕೇಳಬೇಡಿ. ಅದರ ಜೊತೆ ಬೀಳುವ ಅಮ್ಮನ ಪುಡಿಯನ್ನೂ ಕೇಳಬೇಡಿ. ಎರಡೂ ಮನೆಯಲ್ಲೇ ಇರಲಿ.

ಮಧ್ಯೆ ಮಧ್ಯೆ ಬೇರೆ ಪ್ರಯೋಗಗಳೂ ಆದವು. ಗೆಳೆಯನೊಬ್ಬ ಹೊಟ್ಟೆಗೆ ಬಿರಿಯಾನಿ ಅಕ್ಕಿ ತುಂಬಿಸಿ ಅಂತ ಒತ್ತಾಯ ಮಾಡಿದ್ದ. ಅಕ್ಕಿ ಕೊಬ್ಬು ಕುಡಿದು ಬಾಯಿಗೆ ಇಡೋಕಾಗಲಿಲ್ಲ. ಜೇನು ಸವರಿದ್ದು ಕಪ್ಪಾಯಿತು. ಬೇಕಿಂಗ್ ಸೋಡಾ ಹಚ್ಚಿದರೆ ಗರಿಯೇನೋ ಆಗುತ್ತದೆ, ಸೋಪಿನ ರುಚಿ ಬರುತ್ತದೆ. ಹೇರ್ ಡ್ರೈಯರ್ ಕೆಲಸ ಮಾಡುತ್ತದೆ, ಆದರೆ ಅದು ಹೆಂಡತಿಯದು. ಬಿಡಿ ತೊಡೆಗಳು ಸಿಕ್ಕಾಗ ಪಂದಿ ಕರಿ (ಕೊಡಗಿನ ಹಂದಿ ಸಾರು) ಮಸಾಲೆಯಲ್ಲಿ ಕುಕ್ಕರಿಗೆ ಹಾಕಿದ್ದೆ, ಅದು ಮಾತ್ರ ಬೆಂಕಿ. ಅದನ್ನು ಇನ್ನೊಂದು ಸಲ ಬರೆಯುತ್ತೇನೆ.

ಜೊತೆಗೆ ಆಲೂಗಡ್ಡೆ ಉಂಡೆ ಮತ್ತು ಸೇಬು, ಲವಂಗ ಹಾಕಿದ ಕೆಂಪು ಎಲೆಕೋಸು. ಇಲ್ಲಿ ಕೋಸಿಗೂ ಹೆಬ್ಬಾತಿನ ಕೊಬ್ಬನ್ನೇ ಹಾಕುತ್ತಾರೆ. ನಮ್ಮಲ್ಲಿ ಎರಡು ಪಾತ್ರೆ, ಒಂದಕ್ಕೆ ಬೆಣ್ಣೆ. ನಿಜ ಹೇಳಬೇಕಂದ್ರೆ ಬೆಣ್ಣೆಯದ್ದೇ ಮೊದಲು ಖಾಲಿಯಾಯಿತು.

ಲೆಕ್ಕ ಹೀಗಿದೆ. ರೈತರ ಹಕ್ಕಿ 82 ಯೂರೋ ಇರಬೇಕು, ಉಳಿದ ಸಾಮಾನು 15, ಕರೆಂಟ್ ಒಂದೆರಡು. ಆರು ಜನಕ್ಕೆ ನೂರು ಯೂರೋ ಒಳಗೆ. ಹೋಟೆಲಿನಲ್ಲಿ ಒಂದು ತಟ್ಟೆಗೇ 35 ಕೇಳಿದ್ದರು. ಹಂಡೆಯ ದುಡ್ಡು ಹಾಕಿಲ್ಲ, ಅದು ಹಬ್ಬದ ಹಿಂದಿನ ವಾರ ಗ್ಲೂವೈನ್ ಕಾಸೋಕೂ ಆಯಿತು. ಕೊಬ್ಬು ಬಾಟಲಿಯಲ್ಲಿ ಹಾಕಿ ಫ್ರಿಜ್‌ನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಆಲೂಗಡ್ಡೆ ಹುರಿಯೋಕೆ ಅದಕ್ಕಿಂತ ಒಳ್ಳೆಯದು ಇಲ್ಲ. ಅಕ್ಕಿ ರೊಟ್ಟಿಗೆ ಸವರಿದರೂ ಚೆನ್ನಾಗಿದೆ. ಒಗ್ಗರಣೆಗೆ ಬೇಡ, ಸಾಸಿವೆ ಕರಿಬೇವಿನ ಪರಿಮಳವನ್ನೆಲ್ಲ ಅದೇ ನುಂಗುತ್ತದೆ. ಮೂಳೆಗಳನ್ನು 26ಕ್ಕೆ ಕುಕ್ಕರಿಗೆ ಹಾಕಿ ಮೆಣಸಿನ ಸಾರು ಮಾಡಿದೆ. ಅವತ್ತೂ ಇಲ್ಲಿ ರಜೆ, ಅಂಗಡಿ ಬಾಗಿಲು ಹಾಕಿರುತ್ತದೆ. ರಾಗಿ ಹಿಟ್ಟು ಮಾತ್ರ ಮೊದಲೇ ತಂದಿಟ್ಟುಕೊಳ್ಳಿ.