ಬಿಚ್ಚುವಾಗ ಸರಿಯಿದ್ದ ಕಂಬ ಹಾಕುವಾಗ ದಪ್ಪ ಆಗುತ್ತಾ?

ತುಮಕೂರಿನ ಅಂತರಸನಹಳ್ಳಿ ಕಡೆ ನಮ್ಮ ಶೆಡ್. ಬಾಗಿಲು, ಕಿಟಕಿ ಚೌಕಟ್ಟಿನ ಕೆಲಸ. ಗುಬ್ಬಿ ಕಡೆಯ ಹಲಸು ಜಾಸ್ತಿ ಬರುತ್ತದೆ, ತೇಗ ಕಡಿಮೆ. ಮಷಿನ್ 18 ಇಂಚಿನ ಹಳೇ ಥಿಕ್‌ನೆಸ್ ಪ್ಲೇನರ್, ಅಂದರೆ ಹಲಗೆಯನ್ನು ಒಂದೇ ದಪ್ಪಕ್ಕೆ ಹೆರೆಯುವ ಮಷಿನ್. ಎರಕದ ಬಾಡಿ, ಟೇಬಲ್ ಕೆಳಗೆ ಒಂದೇ ದಪ್ಪ ಕಂಬ. ಆ ಕಂಬ ಬಾಡಿಯ ಬೋರಿನಲ್ಲಿ, ಅಂದರೆ ಗುಂಡನೆಯ ತೂತಿನಲ್ಲಿ, ಏರಿಳಿಯುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಅರವತ್ತೈದು ಸಾವಿರವೋ ಏನೋ ಕೊಟ್ಟಿದ್ದೆ.

ಎತ್ತುವ ಸ್ಕ್ರೂವಿನ ಗನ್‌ಮೆಟಲ್ ನಟ್ ಸವೆದಿತ್ತು. ಅದನ್ನು ಬದಲಿಸಲು ಟೇಬಲ್ ಹೊರಗೆ ತೆಗೆದೆವು. ನಟ್ ಕೆಲಸ ಒಂದೇ ದಿನದಲ್ಲಿ ಮುಗಿಯಿತು, ಸಾವಿರದ ಇನ್ನೂರು ರೂಪಾಯಿ. ಟೇಬಲ್ ವಾಪಸ್ ಕೂರಿಸಲು ಹನ್ನೊಂದು ದಿನ ಹಿಡಿಯಿತು.

ಕಂಬ ಒಂದೂವರೆ ಇಂಚು ಇಳಿದು ನಿಂತುಬಿಟ್ಟಿತು. ಅಲ್ಲಾಡಿಸಿದೆವು, ತಿರುಗಿಸಿದೆವು, ಮೇಲೆ ಮರದ ದಿಮ್ಮಿ ಇಟ್ಟು ನಾಲ್ಕು ಬಾರಿಸಿದೆವು. ಆ ಬಾರಿಸಿದ್ದೇ ಮುಂದೆ ನನಗೆ ಕಾಟ ಕೊಟ್ಟಿತು. ಪಕ್ಕದ ಲೇತ್ ಯಜಮಾನರು ಬಂದು ನೋಡಿದರು. "ಬೋರ್ ಕಚ್ಚಿದೆ ಕಣಯ್ಯ, ಪೀಣ್ಯಕ್ಕೆ ತಗೊಂಡು ಹೋಗು, ಕಂಬಾನ ಗ್ರೈಂಡಿಂಗ್ ಮಾಡಿಸು" ಅಂದರು. ವಿಚಾರಿಸಿದರೆ ಹದಿನಾಲ್ಕು ಸಾವಿರ, ಗಾಡಿ ಬಾಡಿಗೆ ಬೇರೆ. ಇನ್ನೊಬ್ಬ ಮೆಕ್ಯಾನಿಕ್ ಎಮರಿ ಬಟ್ಟೆ ಸುತ್ತಿ ಬೋರ್ ಉಜ್ಜಿದ, ಹದಿನೆಂಟು ನೂರು ತಗೊಂಡ. ಕಂಬ ಒಂದು ನೂಲೂ ಮುಂದೆ ಹೋಗಲಿಲ್ಲ. ಅಷ್ಟರಲ್ಲಿ ಹಲಗೆಗಳನ್ನು ಬೇರೆಯವರ ಮಷಿನ್‌ಗೆ ಸಾಗಿಸಲು ಆಟೋ ಸೇರಿ ದಿನಕ್ಕೆ ಏಳೆಂಟು ನೂರು ಸೋರುತ್ತಿತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಒಂದು ಮಾತು ತಲೆಗೆ ಬಂತು. ಕಳೆದ ವಾರ ಇದೇ ಕಂಬ ಇದೇ ಬೋರಿನಲ್ಲಿ ಏರಿಳಿಯುತ್ತಿತ್ತು. ಹೊರಗೆ ತೆಗೆದ ತಕ್ಷಣ ಕಬ್ಬಿಣ ದಪ್ಪ ಆಗುತ್ತಾ? ಆಗಲ್ಲ. ಹಾಗಾದರೆ ಉಜ್ಜಿ ತೆಗೆಯುವಂಥದ್ದು ಏನೂ ಇಲ್ಲ, ಬಿಚ್ಚುವಾಗ ನಾವು ಕೈ ಹಾಕಿದ ಕಡೆಯೇ ಏನೋ ಕೆಟ್ಟಿದೆ. ಲೇತ್ ಯಜಮಾನರಿಗೆ ಹೇಳಿದರೆ ನಕ್ಕರು.

ಮೊದಲು ಬಾಡಿಯ ಸೀಳು ನೋಡಿದೆ. ಬೋರಿನ ಬಾಯಿಂದ ಕೆಳಕ್ಕೆ ಒಂದು ಸೀಳು ಬಿಟ್ಟಿರುತ್ತಾರಲ್ಲ, ಲಾಕ್ ಬೋಲ್ಟ್ ಬಿಗಿದರೆ ಅದು ಮುಚ್ಚಿಕೊಂಡು ಕಂಬವನ್ನು ಹಿಡಿಯುತ್ತದೆ. ವರ್ನಿಯರ್ ಇಟ್ಟೆ. ಕೆಳಗೆ ಸುಮಾರು 3 ಮಿ.ಮೀ., ಬೋಲ್ಟ್ ಹತ್ತಿರ ಎರಡೂವರೆ. ಆದರೆ ಲಾಕ್ ಹಿಡಿ ಪೂರ್ತಿ ಸಡಿಲ! ಹಿಡಿ ಬಿಚ್ಚಿ ನೋಡಿದರೆ ಒಳಗಿನ ಚೌಕ ಸವೆದಿದೆ. ಹಿಡಿ ತಿರುಗುತ್ತಿದೆ, ಬೋಲ್ಟ್ ತಿರುಗುತ್ತಿಲ್ಲ. ಟೇಬಲ್ ಹೊರಗಿದ್ದಾಗ ಹಿಡಿ ಕೆಳಗೆ ಬೀಳದಿರಲಿ ಅಂತ ನಮ್ಮ ಹುಡುಗ ಗಟ್ಟಿಯಾಗಿ ಬಿಗಿದಿದ್ದನಂತೆ. ಒಳಗೆ ಕಂಬ ಇಲ್ಲದೆ ಬಿಗಿದರೆ ಬೋರ್ ಹಿಚುಕಿಕೊಳ್ಳುತ್ತದೆ. ಸೀಳು ಅರ್ಧ ಮಿ.ಮೀ. ಮುಚ್ಚಿದರೆ ಬೋರಿನ ಅಡ್ಡಳತೆ ಸುಮಾರು 0.15 ಮಿ.ಮೀ. ಕಡಿಮೆ. ಕಂಬಕ್ಕೆ ಇರುವ ಸಂದು ಅದರ ಅರ್ಧವೂ ಇರಲ್ಲ. ಕಂಬದ ತುದಿ ಒಂದೂವರೆ ಇಂಚು ಸ್ವಲ್ಪ ಸಣ್ಣಗೆ ತಿರುವಿದ್ದರಿಂದ ಅಷ್ಟು ಮಾತ್ರ ಒಳಗೆ ಹೋಗುತ್ತಿತ್ತು.

ಪಾನಾ ಹಾಕಿ ಬೋಲ್ಟನ್ನೇ ಬಿಚ್ಚಿದೆ. ಟಕ್ ಎಂದು ಸದ್ದಾಯಿತು, ಸೀಳು ತಾನಾಗಿ ಬಿಚ್ಚಿಕೊಂಡಿತು. ಒಂದು ಹಿತ್ತಾಳೆ ಪಟ್ಟಿಯನ್ನು ಬೆಣೆ ಥರ ಸೀಳಿಗೆ ಕೈಯಲ್ಲೇ ಒತ್ತಿದೆ. ಅಲ್ಲಿಗೆ ಸುತ್ತಿಗೆ ಹಾಕಬೇಡಿ, ಎರಕ ಹೇಳದೆ ಕೇಳದೆ ಬಿರುಕು ಬಿಡುತ್ತದೆ.

ಈಗ ನಾಲ್ಕು ಇಂಚು ಇಳಿಯಿತು. ಆಮೇಲೆ ಗರ್ ಎಂದು ಕೆರೆದು ಮತ್ತೆ ನಿಂತಿತು.

ಕಂಬದ ಉದ್ದಕ್ಕೆ ಒಂದು ತೋಡು ಇದೆ, ಟೇಬಲ್ ತಿರುಗದಂತೆ ಅದರಲ್ಲಿ ಚಾವಿ ಎನ್ನುವ ಕಬ್ಬಿಣದ ತುಂಡು ಕೂರುತ್ತದೆ. ನಾವು ಬಿಚ್ಚುವಾಗ ಚಾವಿ ತೆಗೆಯದೆ ಟೇಬಲ್ ತಿರುಗಿಸಿದ್ದೆವು, ಆಮೇಲೆ ಬಾರಿಸಿದ್ದೆವು. ತೋಡಿನ ಅಂಚು ಎದ್ದಿರಬೇಕು ಅನಿಸಿತು. ಕಣ್ಣಿಗೆ ಕಾಣಲಿಲ್ಲ, ಬೆರಳಿಗೂ ಸಿಗಲಿಲ್ಲ. ದೀಪದ ಬತ್ತಿಗೆ ತಂದಿದ್ದ ಹತ್ತಿಯ ಉಂಡೆ ಮಾಡಿ ಕಂಬದ ಮೇಲೆ ಸವರಿಕೊಂಡು ಹೋದೆ. ಮೂರು ಕಡೆ ಎಳೆ ಸಿಕ್ಕಿಕೊಂಡಿತು. ಆ ಮೂರು ಜಾಗ ಮಾತ್ರ ಎಣ್ಣೆಕಲ್ಲಿನಲ್ಲಿ ಚಪ್ಪಟೆಯಾಗಿ ಉಜ್ಜಿದೆ. ಅರ ಮುಟ್ಟಲಿಲ್ಲ, ಎಮರಿಯಂತೂ ಬೇಡವೇ ಬೇಡ.

ಎಲ್ಲಿ ತಾಗುತ್ತಿದೆ ಎಂದು ನೋಡಲು ಮಾರ್ಕಿಂಗ್ ಬ್ಲೂ ಇರಲಿಲ್ಲ. ಮನೆಯಿಂದ ಕುಂಕುಮ ತಂದು ಹರಳೆಣ್ಣೆಯಲ್ಲಿ ಕಲಸಿದೆ. ಬಟ್ಟೆಯಲ್ಲಿ ಜರಡಿ ಹಿಡಿಯದಿದ್ದರೆ ಅದರಲ್ಲಿರುವ ನುಚ್ಚೇ ಗೀರು ಹಾಕುತ್ತದೆ, ಎಚ್ಚರ. ತೆಳ್ಳಗೆ ಬಳಿದು ಇಳಿಸಿ ಎತ್ತಿದರೆ ತಾಗಿದ ಕಡೆ ಹೊಳೆಯುತ್ತದೆ. ಚೆನ್ನಾಗಿಯೇ ಕೆಲಸ ಮಾಡಿತು. ಮನೆಯಾಕೆ ಮಾತ್ರ ಇನ್ನೂ ಆ ಡಬ್ಬಿಯ ಲೆಕ್ಕ ಕೇಳುತ್ತಿದ್ದಾಳೆ.

ನಡುವೆ ಒಂದು ಹುಚ್ಚಾಟವೂ ಆಯಿತು. ಬಾಡಿಯನ್ನು ಮಧ್ಯಾಹ್ನದ ಬಿಸಿಲಿಗೆ ತಳ್ಳಿ, ಕಂಬಕ್ಕೆ ಐಸ್ ಕಟ್ಟಿ ಇಳಿಸಿ ನೋಡಿದೆ. 100 ಮಿ.ಮೀ. ಬೋರಿಗೆ 20 ಡಿಗ್ರಿ ವ್ಯತ್ಯಾಸ ಸಿಕ್ಕರೂ 0.02 ಮಿ.ಮೀ. ಹಿಗ್ಗುತ್ತದೆ, ಅಷ್ಟೇ. ಐಸ್‌ಗೆ ನಲವತ್ತು ರೂಪಾಯಿ ಹೋಯಿತು, ಕಂಬಕ್ಕೆ ತೇವ ಹತ್ತಿ ಸಂಜೆಗೆ ತುಕ್ಕಿನ ಚುಕ್ಕೆ ಬಂತು.

ಇಳಿಸುವ ರೀತಿಯೂ ಮುಖ್ಯ. ಟೇಬಲ್ ತೊಂಬತ್ತು ಕೆಜಿ ಆಸುಪಾಸು. ಇಬ್ಬರು ಎರಡು ಕಡೆ ಹಿಡಿದರೆ ಒಂದು ಮೂಲೆ ತಗ್ಗಿಯೇ ತಗ್ಗುತ್ತದೆ, ಬಾತುಕೊಂಡ ಮೇಜಿನ ಡ್ರಾಯರ್ ಥರ ಕಂಬ ಓರೆಯಾಗಿ ಕಚ್ಚುತ್ತದೆ. ಚೈನ್ ಪುಲ್ಲಿಗೆ ನೇತು ಹಾಕಿ, ರಸಮಟ್ಟ ಇಟ್ಟು, ಬೆರಳಗಲ ಬೆರಳಗಲ ಇಳಿಸಿದೆ. ಹಗ್ಗವನ್ನು ಎಲ್ಲೆಲ್ಲಿ ಕಟ್ಟಿದೆ ಎಂಬುದು ನನ್ನ ಹತ್ತಿರವೇ ಇರಲಿ, ಅದಕ್ಕೆ ಎರಡು ದಿನ ತಲೆ ಕೆಡಿಸಿಕೊಂಡಿದ್ದೇನೆ.

ಕೊನೆಯ ಎರಡು ಇಂಚಿನಲ್ಲಿ ಇನ್ನೊಂದು ತಮಾಷೆ. ಒತ್ತಿದರೆ ಟೇಬಲ್ ಇಳಿಯುತ್ತದೆ, ಕೈ ಬಿಟ್ಟರೆ ಸ್ಪಂಜಿನ ಥರ ಮೇಲಕ್ಕೆ ಬರುತ್ತದೆ. ಅರ್ಧ ಗಂಟೆ ಕಂಬವನ್ನೇ ಬೈದೆ. ಆಮೇಲೆ ನೆನಪಾಯಿತು. ಹೊಟ್ಟು ಬೀಳದಿರಲಿ ಎಂದು ಕೆಳಗಿನ ಸ್ಕ್ರೂ ತೂತಿಗೆ ಗ್ರೀಸ್ ಬಟ್ಟೆ ತುರುಕಿದ್ದವನು ನಾನೇ! ಒಳಗಿನ ಗಾಳಿಗೆ ದಾರಿ ಇರಲಿಲ್ಲ. ಬಟ್ಟೆ ಎಳೆದೆ, ಉಸ್ಸಂತ ಗಾಳಿ ಹೊರಗೆ ಬಂದು ಟೇಬಲ್ ತನ್ನ ಪಾಡಿಗೆ ಕೂತಿತು.

ಹಳೇ ಗ್ರೀಸ್ ಪೂರ್ತಿ ಸೀಮೆಎಣ್ಣೆಯಲ್ಲಿ ತೊಳೆದೆ. ಹಲಸಿನ ಹೊಟ್ಟು ಗ್ರೀಸ್‌ಗೆ ಸೇರಿದರೆ ಅಂಟಿನ ಉಂಡೆ ಆಗುತ್ತದೆ, ನಿಮಗೂ ಗೊತ್ತು. ಈಗ ತೆಳು ಎಣ್ಣೆಗೆ ಇನ್ನೊಂದು ವಸ್ತು ಬೆರೆಸಿ ಹಚ್ಚುತ್ತೇನೆ. ಹೊಸ ಲಾಕ್ ಹಿಡಿ ಮುನ್ನೂರೈವತ್ತು, ಎಣ್ಣೆಕಲ್ಲು ನೂರೆಂಬತ್ತು, ಮಿಕ್ಕ ಚಿಲ್ಲರೆ ಸೇರಿ ಏಳುನೂರು ದಾಟಲಿಲ್ಲ. ಎಮರಿಯವನಿಗೆ ಕೊಟ್ಟದ್ದನ್ನು ನಾನು ಲೆಕ್ಕಕ್ಕೆ ಹಿಡಿಯಲ್ಲ.

ಲಾಕ್ ಬಿಗಿದಾಗ ಒಂದು ಮೂಲೆ ಇನ್ನೂ ಒಂದು ಕೂದಲೆಳೆ ತಗ್ಗುತ್ತದೆ. ಚೌಕಟ್ಟಿನ ಕೆಲಸಕ್ಕೆ ಅದು ನಡೆಯುತ್ತದೆ. ಕೈಚಕ್ರ ಮಾತ್ರ ಒಂದೇ ಬೆರಳಿಗೆ ತಿರುಗುತ್ತದೆ. ಲೇತ್ ಯಜಮಾನರು ಹೋದ ಸೋಮವಾರ ಬಂದು ಮೇಲೆ ಕೆಳಗೆ ನಾಲ್ಕು ಸಲ ತಿರುಗಿಸಿ ನೋಡಿದರು. ಏನೂ ಹೇಳಲಿಲ್ಲ. ಹೋಗುವಾಗ ಬಾಗಿಲ ಹತ್ತಿರ ನಿಂತು, "ಆ ಎಣ್ಣೆಗೆ ಏನು ಹಾಕ್ತೀಯ?" ಅಂದರು. ಟೀ ತರಿಸಿದೆ, ಎಣ್ಣೆ ವಿಷಯ ಎತ್ತಲಿಲ್ಲ.