ಐನ್‌ಮನೆಯ ಫೋಟೊ ಕೆಳಗಿನ ಆ ಹುಡುಗನ ಬದುಕು ಬರೆಯುವಾಗ

ಕೊಡಗಿನ ಕುಲದ ಮೂಲಮನೆ ಐನ್‌ಮನೆ. ಅದರ ನಡುಕೋಣೆಯಾದ ನೆಲ್ಲಕ್ಕಿಯಲ್ಲಿ ಯುದ್ಧದಲ್ಲಿ ಸತ್ತ ಸೈನಿಕನ ಹಾರ ಹಾಕಿದ ಫೋಟೊ, ಕೆಳಗೆ ಹೆಸರು, ಸತ್ತ ವರ್ಷ. ಇಪ್ಪತ್ತೆರಡೋ ಇಪ್ಪತ್ತಮೂರೋ ವರ್ಷದ ಆ ಬದುಕನ್ನು ಒಕ್ಕದ, ಅಂದರೆ ಕುಲದ, ಪುಸ್ತಕಕ್ಕೆ ನಾಲ್ಕು ಪುಟ ಬರೆದುಕೊಡಿ ಅನ್ನುತ್ತಾರೆ. ನಾನು ಶುರು ಮಾಡುವುದು ಫೋಟೊದಿಂದಲ್ಲ, ಪದಕದಿಂದ.

ದುಂಡು ಪದಕವಾದರೆ ಅಂಚಿನಲ್ಲಿ ಸೇವಾ ಸಂಖ್ಯೆ, ಹುದ್ದೆ, ಹೆಸರು, ಘಟಕ ಕೆತ್ತಿರುತ್ತಾರೆ. ಹುಣಸೆಹುಳಿ ಹಾಕಿ ತಿಕ್ಕಿ ಹೊಳೆಯಿಸಿದ ಮನೆಗಳಲ್ಲಿ ಅಕ್ಷರ ಸವೆದುಹೋಗಿರುತ್ತದೆ. ಅಂಚಿಗೆ ತೆಳು ಕಾಗದ ಸುತ್ತಿ, ಪೆನ್ಸಿಲ್ ಅಡ್ಡ ಹಿಡಿದು ಮೆಲ್ಲಗೆ ಉಜ್ಜಿದರೆ ಬಹುಪಾಲು ಎದ್ದು ಬರುತ್ತದೆ. ಪದಕ ಯಾವುದು ಎಂಬುದೂ ಮುಖ್ಯ: 1971ರ ಪೂರ್ವಿ ಸ್ಟಾರ್ ಪೂರ್ವದ ರಣರಂಗದ್ದು, ಪಶ್ಚಿಮಿ ಸ್ಟಾರ್ ಪಶ್ಚಿಮದ್ದು. ಮನೆಯವರು ‘ಬಾಂಗ್ಲಾದಲ್ಲಿ ಹೋದ’ ಅನ್ನುತ್ತಿರುವಾಗ ಕೈಗೆ ಪಶ್ಚಿಮಿ ಸ್ಟಾರ್ ಸಿಕ್ಕಿದರೆ ಅಲ್ಲೇ ನಿಂತು ಮತ್ತೆ ವಿಚಾರಿಸಬೇಕು.

ಹೆಸರು ಹೆಚ್ಚು ಕಾಡುತ್ತದೆ. ನಮ್ಮಲ್ಲಿ ಒಕ್ಕದ ಹೆಸರು, ಅಪ್ಪನ ಹೆಸರು, ಆಮೇಲೆ ಸ್ವಂತ ಹೆಸರು. ಸೇನೆಯ ದಾಖಲೆಯಲ್ಲಿ ಮೊದಲೆರಡೂ ಇನಿಷಿಯಲ್ ಆಗಿಬಿಡುತ್ತವೆ. ಅಜ್ಜಮಾಡ ಬೋಪಯ್ಯ ದೇವಯ್ಯ ಅಲ್ಲಿ ಎ.ಬಿ. ದೇವಯ್ಯ. ಇಂಗ್ಲಿಷ್ ಕಾಗುಣಿತವೂ ಒಬ್ಬೊಬ್ಬ ಗುಮಾಸ್ತನದು ಒಂದೊಂದು. ಮಡಿಕೇರಿ ಮರ್ಕೆರಾ ಎಂದೂ ಕೊಡಗು ಕೂರ್ಗ್ ಎಂದೂ ಇರಬಹುದು. ಆದ್ದರಿಂದ ಹುಡುಕಾಟಕ್ಕೆ ಸಂಖ್ಯೆಯೇ ಆಧಾರ. ಒಂದೇ ಹೆಸರಿನ ಇಬ್ಬರು ಪೊನ್ನಪ್ಪಂದಿರನ್ನು ಬೇರ್ಪಡಿಸುವುದು ಅದೊಂದೇ. ಸಂಖ್ಯೆ ಹಿಡಿದು ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ, ಕುಟುಂಬ ಪಿಂಚಣಿಯ ಆದೇಶಪತ್ರದ ಜೊತೆ ಹೋಲಿಸಿ. ಹುಟ್ಟಿದ ದಿನಕ್ಕೆ ಶಾಲೆಯ ದಾಖಲಾತಿ ಪುಸ್ತಕ ನೋಡಿ, ಆದರೆ ಅದನ್ನೂ ಪೂರ್ತಿ ನಂಬಬೇಡಿ. ಶಾಲೆಗೆ ಸೇರಿಸುವಾಗ ಬಾಯಿಗೆ ಬಂದ ತಾರೀಕು ಬರೆಸಿದವರು ಬಹಳ.

ಅವನ ಹಳೆಯ ಟ್ರಂಕ್ ಬಿಚ್ಚುವುದು ಕಕ್ಕಡದಲ್ಲಿ, ಅಂದರೆ ನಮ್ಮ ಮಳೆಗಾಲದ ತಿಂಗಳಲ್ಲಿ, ಬೇಡ. ಥಂಡಿಗೆ ಇನ್‌ಲ್ಯಾಂಡ್ ಪತ್ರದ ಮಡಿಕೆ ಹರಿಯುತ್ತದೆ. ಗಾಜಿಗೆ ಅಂಟಿದ ಫೋಟೊವನ್ನು ಕೀಳಲೇಬಾರದು, ಮುಖದ ಪದರವೇ ಎದ್ದುಬರುತ್ತದೆ. ಗಾಜಿನ ಮೇಲಿಂದಲೇ ಚಿತ್ರ ತೆಗೆಯಿರಿ. ಪತ್ರದಲ್ಲಿ ‘56 ಎ.ಪಿ.ಒ.’ (ಸೇನೆಯ ಅಂಚೆ ಕಚೇರಿ) ಅಂತಷ್ಟೇ ಇದ್ದರೆ ಜಾಗ ತಿಳಿಯುವುದಿಲ್ಲ, ಅದು ಗುಟ್ಟಿಗಾಗಿಯೇ ಮಾಡಿದ ವಿಳಾಸ. ಅಂಚೆ ಮುದ್ರೆಯ ತಾರೀಕು ಮಾತ್ರ ಬರೆದುಕೊಳ್ಳಿ.

ಮನೆಯವರನ್ನು ‘ಹೇಗೆ ಸತ್ತ’ ಎಂದು ಕೇಳುವುದಿಲ್ಲ. ಕಡೆಯ ರಜೆಗೆ ಯಾವಾಗ ಬಂದಿದ್ದ ಅನ್ನುತ್ತೇನೆ. ‘ಪುತ್ತರಿ ಮುಗಿಸಿ ಹೋದ’ ಅನ್ನುತ್ತಾರೆ. 1971ರ ಯುದ್ಧ ಶುರುವಾದದ್ದು ಡಿಸೆಂಬರ್ 3ಕ್ಕೆ, ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಯೂ ಆ ಆಸುಪಾಸಿನದೇ. ಹಾಗಾಗಿ ಆ ವರ್ಷದ್ದೋ ಹಿಂದಿನದ್ದೋ ಎಂದು ಪಂಚಾಂಗ ಹಾಕಿ ನೋಡಬೇಕು. ಟೆಲಿಗ್ರಾಂ ಬಂದ ದಿನವನ್ನೇ ಸತ್ತ ದಿನ ಎಂದು ಕಲ್ಲಿನಲ್ಲಿ ಕೆತ್ತಿಸಿರುವುದೂ ಉಂಟು.

ಸಾವಿನ ವಿವರ ಸಿಗದಿದ್ದರೆ ಪುಟದಲ್ಲಿ ಜಾಗ ಖಾಲಿ ಬಿಡಿ. ಮೇಲೆ ಹೇಳಿದ ಎ.ಬಿ. ದೇವಯ್ಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ಮೇಲಿನ ದಾಳಿಯಿಂದ ಅವರು ಮರಳಲಿಲ್ಲ. ಆಗ ಅವರಿಗೆ 32. ಅಂದು ಆಕಾಶದಲ್ಲಿ ಏನಾಯಿತೆಂಬುದು ಎದುರು ಪಾಳೆಯದ ವಿವರ ಹೊರಬಂದ ಮೇಲೆ ತಿಳಿದದ್ದು. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಅಷ್ಟರೊಳಗೆ ಯಾರೋ ಕಟ್ಟಿದ ಕಥೆ ಅಚ್ಚಾಗಿದ್ದರೆ ಇವತ್ತಿಗೂ ಅದನ್ನೇ ತಿದ್ದುತ್ತಾ ಕೂರಬೇಕಿತ್ತು.

ಅಚ್ಚಿಗೆ ಕೊಡುವ ಮುಂಚೆ ಒಕ್ಕದ ಹಿರಿಯರೆದುರು ಪೂರ್ತಿ ಓದಿ. ಯುದ್ಧದ ಪುಟಕ್ಕೆ ಅವರು ಸುಮ್ಮನಿರುತ್ತಾರೆ, ನೆಂಟಸ್ತಿಕೆಯ ಸಾಲು ಬಂದಾಗ ಬಾಯಿ ಬಿಡುತ್ತಾರೆ: ‘ಅಣ್ಣ ಅಲ್ಲ ಅದು, ದೊಡ್ಡಪ್ಪನ ಮಗ.’